ಎಂಜಿನ್ ಕೆಲಸ ಮಾಡಿಸಿದ ಗಾಡಿ ಮತ್ತೆ ನಿಂತರೆ ಹೊಣೆ ಯಾರದು?

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಸಕಲೇಶಪುರದ ಬಳಿಯ ಒಬ್ಬರು ಹತ್ತು ವರ್ಷ ಓಡಿದ ತಮ್ಮ ಡೀಸೆಲ್ ಪಿಕಪ್ ಗಾಡಿಗೆ, ಕಾಫಿ ಕೊಯ್ಲು ಶುರುವಾಗುವ ಮುನ್ನವೇ ಸರಿಹೋಗಲಿ ಎಂದು, ಹಾಸನದ ಗ್ಯಾರೇಜೊಂದರಲ್ಲಿ ಪೂರ್ತಿ ಎಂಜಿನ್ ಕೆಲಸ ಮಾಡಿಸುತ್ತಾರೆ. ಗಾಡಿ ಕೈಗೆ ಬಂದು ಮೂರು ವಾರವಾಗಿರುತ್ತದೆ. ಕಾಫಿ ಚೀಲಗಳನ್ನು ಹೇರಿಕೊಂಡು ಏರು ಹತ್ತುವಾಗ ಎಂಜಿನ್ನಿನ ಒಳಗಿನಿಂದ ಕಬ್ಬಿಣ ಬಡಿದಂತಹ ಸದ್ದು ಕೇಳಿಸುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ, ಕೆಲವೇ ನಿಮಿಷಗಳಲ್ಲಿ ಗಾಡಿ ನಿಲ್ಲುತ್ತದೆ. ಎಳೆಸಿಕೊಂಡು ಬಂದು ನೋಡಿದರೆ ಎಂಜಿನ್ ಸೀಜ್ ಆಗಿದೆ, ಎಂದರೆ ಒಳಗಿನ ಭಾಗಗಳು ಕಚ್ಚಿಕೊಂಡು ತಿರುಗದಂತಾಗಿವೆ. ಮೆಕ್ಯಾನಿಕ್ ‘ಆಯಿಲ್ ನೋಡದೆ ಓಡಿಸಿದ್ದೀರಿ’ ಎನ್ನುತ್ತಾರೆ. ಮಾಲೀಕರು ‘ನೀವು ಮಾಡಿದ ಕೆಲಸ ಸರಿಯಿಲ್ಲ’ ಎನ್ನುತ್ತಾರೆ. ಬೋರಿಂಗ್, ಎಂದರೆ ಸಿಲಿಂಡರ್ ಕೊರೆಯುವ ಕೆಲಸ, ಮಾಡಿದವರು ತಾವು ಕೊಟ್ಟ ಅಳತೆ ಸರಿಯಾಗಿಯೇ ಇತ್ತು ಎನ್ನುತ್ತಾರೆ, ಬಿಡಿಭಾಗದ ಅಂಗಡಿಯವರು ತಾವು ಮಾರಿದ್ದು ಅಸಲಿ ಮಾಲು ಎನ್ನುತ್ತಾರೆ.

ನಾಲ್ವರಲ್ಲಿ ಯಾರೂ ಸುಳ್ಳು ಹೇಳುತ್ತಿರಬೇಕೆಂದಿಲ್ಲ. ತಮಗೆ ಕಾಣುವಷ್ಟನ್ನು ಅವರು ಹೇಳುತ್ತಿದ್ದಾರೆ. ನಿಜವಾಗಿ ನಡೆದದ್ದೇನು ಎಂಬುದು ಆ ಎಂಜಿನ್ನಿನ ಒಳಗೆ, ಲೋಹದ ಮೇಲೆ ಗುರುತಾಗಿ ಉಳಿದಿರುತ್ತದೆ. ಆ ಗುರುತುಗಳನ್ನು ಓದುವುದು ಹೇಗೆ, ಓದಿದ ಮೇಲೆ ಹೊಣೆಯನ್ನು ಕಾನೂನು ಹೇಗೆ ಹಂಚುತ್ತದೆ ಎಂಬುದನ್ನು ಮೊದಲಿನಿಂದ ನೋಡೋಣ.

ಎಂಜಿನ್ ಕೆಲಸ ಎಂದರೆ ಏನೇನು

ಗ್ಯಾರೇಜಿನಲ್ಲಿ ‘ಎಂಜಿನ್ ಕೆಲಸ’ ಎಂಬ ಒಂದೇ ಮಾತನ್ನು ಬಹಳ ಬೇರೆಬೇರೆ ಕೆಲಸಗಳಿಗೆ ಬಳಸುತ್ತಾರೆ. ಮೇಲಿನ ಹೆಡ್ ಮಾತ್ರ ಇಳಿಸಿ ವಾಲ್ವ್ ಉಜ್ಜಿ, ಗ್ಯಾಸ್ಕೆಟ್ ಬದಲಿಸಿ ಕೂರಿಸಿದರೂ ಅದು ಎಂಜಿನ್ ಕೆಲಸವೇ. ಬ್ಲಾಕನ್ನೇ ಗಾಡಿಯಿಂದ ಇಳಿಸಿ ಪಿಸ್ಟನ್, ಅದರ ಸುತ್ತಲಿನ ರಿಂಗ್, ಬೇರಿಂಗ್ ಎಲ್ಲವನ್ನೂ ಹೊಸದಾಗಿ ಹಾಕಿದರೂ ಅದೇ ಹೆಸರು. ಜಗಳದ ಅರ್ಧ ಪಾಲು ಹುಟ್ಟುವುದು ಇಲ್ಲಿಯೇ. ಮಾಲೀಕರ ಮನಸ್ಸಿನಲ್ಲಿ ಎಂಜಿನ್ ಹೊಸದಾಗಿದೆ, ಮೆಕ್ಯಾನಿಕ್ ಲೆಕ್ಕದಲ್ಲಿ ರಿಂಗ್ ಮತ್ತು ಬೇರಿಂಗ್ ಬದಲಾಗಿವೆ, ಆಯಿಲ್ ಪಂಪು ಹಳೆಯದೇ ಇದೆ.

ಪೂರ್ತಿ ಕೆಲಸದಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಕೊಳವೆಯೇ ಸಿಲಿಂಡರ್. ಅದು ವರ್ಷಗಟ್ಟಲೆ ಉಜ್ಜಿ ಅಂಡಾಕಾರವಾಗಿರುವುದರಿಂದ, ಅದನ್ನು ಯಂತ್ರದಲ್ಲಿ ಸ್ವಲ್ಪ ಹೆಚ್ಚು ಕೊರೆದು ಮತ್ತೆ ದುಂಡಗೆ ಮಾಡುತ್ತಾರೆ. ಇದು ಬೋರಿಂಗ್. ಹಾಗೆ ದೊಡ್ಡದಾದ ಸಿಲಿಂಡರಿಗೆ 0.25, 0.50, 0.75 ಅಥವಾ 1.00 ಮಿಲಿಮೀಟರ್ ದೊಡ್ಡದಾದ ಪಿಸ್ಟನ್ ಹಾಕಬೇಕು. ಲೈನರ್, ಎಂದರೆ ಸಿಲಿಂಡರಿನ ಒಳಗೋಡೆಯಾಗಿ ಕೂರುವ ಬೇರೆ ಕೊಳವೆ, ಬದಲಿಸುವ ಬಗೆಯ ಎಂಜಿನ್ನಾದರೆ ಹಳೆಯ ಲೈನರ್ ತೆಗೆದು ಹೊಸದನ್ನು ಕೂರಿಸುತ್ತಾರೆ. ಪಿಸ್ಟನ್ನಿನ ಮೇಲೆ ಕೆಳಗಿನ ಓಟವನ್ನು ಚಕ್ರದ ತಿರುಗುವಿಕೆಯಾಗಿ ಮಾರ್ಪಡಿಸುವ ದಪ್ಪ ದಂಡವೇ ಕ್ರ್ಯಾಂಕ್. ಅದರ ಸವೆದ ಭಾಗಗಳನ್ನು ಉಜ್ಜಿ ನುಣುಪು ಮಾಡುವುದು ಗ್ರೈಂಡಿಂಗ್. ಉಜ್ಜಿದ ಮೇಲೆ ಕ್ರ್ಯಾಂಕ್ ತುಸು ಸಣ್ಣದಾಗುವುದರಿಂದ, ಅದಕ್ಕೆ ಹೊಂದುವ ಸ್ವಲ್ಪ ದಪ್ಪದ ಬೇರಿಂಗ್, ಎಂದರೆ ಅದನ್ನು ಸುತ್ತಿ ಹಿಡಿಯುವ ತಗಡು, ಬೇಕು. ಡೀಸೆಲ್ ಗಾಡಿಯಾದರೆ ಡೀಸೆಲ್ ಪಂಪು ಮತ್ತು ಡೀಸೆಲ್ ಸಿಂಪಡಿಸುವ ನಾಝಲ್‌ಗಳ ಕೆಲಸ ಬೇರೆಯೇ ಅಂಗಡಿಯಲ್ಲಿ ನಡೆಯುತ್ತದೆ.

ಹೀಗೆ ಒಂದು ಎಂಜಿನ್ನಿನ ಮೇಲೆ ಕಡಿಮೆಯೆಂದರೂ ಐದು ಕೈ ಓಡಾಡಿರುತ್ತವೆ: ಬಿಚ್ಚಿ ಜೋಡಿಸಿದ ಮೆಕ್ಯಾನಿಕ್, ಬೋರಿಂಗ್ ಮತ್ತು ಗ್ರೈಂಡಿಂಗ್ ಮಾಡಿದ ಕಾರ್ಖಾನೆ, ಪಂಪು ನಾಝಲ್ ನೋಡಿದವರು, ಬಿಡಿಭಾಗ ಮಾರಿದ ಅಂಗಡಿ, ಕೊನೆಗೆ ಓಡಿಸಿದ ಮಾಲೀಕ ಅಥವಾ ಚಾಲಕ. ಹೊಸ ಮನೆಯ ಸೂರು ಸೋರಿದಾಗ ಗಾರೆಯವರು, ಬಡಗಿ, ಹೆಂಚು ಮಾರಿದವರು ಒಬ್ಬರನ್ನೊಬ್ಬರು ತೋರಿಸುವ ಹಾಗೆಯೇ ಇಲ್ಲೂ ಆಗುತ್ತದೆ. ಒಂದು ವ್ಯತ್ಯಾಸವಿದೆ. ಸೋರುವ ಸೂರನ್ನು ಕೆಳಗೆ ನಿಂತೇ ನೋಡಬಹುದು, ಎಂಜಿನ್ನನ್ನು ಬಿಚ್ಚದೆ ನೋಡಲಾಗದು, ಬಿಚ್ಚಿದ ಮೇಲೆ ಅದು ಮೊದಲಿದ್ದಂತೆ ಉಳಿಯುವುದಿಲ್ಲ.

ಹಾಳೆಯ ದಪ್ಪಕ್ಕಿಂತ ಕಡಿಮೆ ಜಾಗ

ಸಣ್ಣ ತಪ್ಪು ಇಷ್ಟು ದೊಡ್ಡ ನಷ್ಟವನ್ನು ಏಕೆ ತರುತ್ತದೆ ಎಂದು ತಿಳಿಯಲು ಒಂದು ಅಳತೆ ಸಾಕು. ನೋಟ್‌ಬುಕ್ಕಿನ ಒಂದು ಹಾಳೆ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಕ್ರ್ಯಾಂಕ್ ಮತ್ತು ಅದರ ಬೇರಿಂಗ್ ನಡುವೆ ಬಿಡುವ ಜಾಗ ಸಾಮಾನ್ಯವಾಗಿ 0.03ರಿಂದ 0.08 ಮಿಲಿಮೀಟರ್, ಎಂದರೆ ಆ ಹಾಳೆಗಿಂತಲೂ ತೆಳು. ಎಂಜಿನ್ ಓಡುವಾಗ ಆ ಜಾಗದಲ್ಲಿ ಒತ್ತಡದ ಆಯಿಲ್ ತುಂಬಿ, ಲೋಹಕ್ಕೆ ಲೋಹ ತಾಗದಂತೆ ಕ್ರ್ಯಾಂಕನ್ನು ತೇಲಿಸಿ ಹಿಡಿಯುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರುವಾಗ ಅಂಗಾಲು ಕಲ್ಲನ್ನು ಮುಟ್ಟಿರುವುದಿಲ್ಲ, ನಡುವಿನ ತೆಳುವಾದ ಪದರದ ಮೇಲೆ ಸಾಗುತ್ತಿರುತ್ತದೆ. ಬೇರಿಂಗಿನಲ್ಲಿ ಆಗುವುದೂ ಅದೇ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಕ್ರ್ಯಾಂಕ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ, ಪ್ರತಿ ಪಿಸ್ಟನ್ ಅದೇ ಸೆಕೆಂಡಿನಲ್ಲಿ 100 ಸಲ ನಿಂತು ದಿಕ್ಕು ಬದಲಿಸುತ್ತದೆ. ಆಯಿಲ್ ಪದರ ಕಡಿದುಹೋದರೆ ಬೇರಿಂಗ್ ಹಾಳಾಗಲು ಕೆಲವು ನಿಮಿಷಗಳೂ ಬೇಕಿಲ್ಲ.

ಜಾಗ ಕಡಿಮೆಯಾದರೆ ಆಯಿಲ್ ಒಳಗೆ ಹೋಗುವುದಿಲ್ಲ. ಹೆಚ್ಚಾದರೆ ಒತ್ತಡ ನಿಲ್ಲದೆ ಸೋರಿಹೋಗುತ್ತದೆ. ಒಂದು ಮರಳಿನ ಕಣ ಸಿಕ್ಕಿದರೆ ಅದು ಆ ಜಾಗಕ್ಕಿಂತ ದೊಡ್ಡದಾಗಿರುತ್ತದೆ. ಆದ್ದರಿಂದ ಎಂಜಿನ್ ಕೆಲಸದಲ್ಲಿ ಅಳೆಯುವುದಕ್ಕೂ ತೊಳೆಯುವುದಕ್ಕೂ ಜೋಡಿಸುವುದಕ್ಕಿಂತ ಹೆಚ್ಚು ಸಮಯ ಹಿಡಿದರೆ ಅದನ್ನು ತಡ ಎಂದು ಭಾವಿಸಬಾರದು.

ಮೊದಲು ಕೆಟ್ಟದ್ದು ಯಾವುದು

ಸೀಜ್ ಆದ ಎಂಜಿನ್ ಬಿಚ್ಚಿದಾಗ ಕಣ್ಣಿಗೆ ಮೊದಲು ಬೀಳುವುದು ದೊಡ್ಡದಾಗಿ ಮುರಿದ ಭಾಗ: ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ, ತುಂಡಾದ ಕನೆಕ್ಟಿಂಗ್ ರಾಡ್, ಒಡೆದ ಬ್ಲಾಕ್, ಗೀರುಬಿದ್ದ ಪಿಸ್ಟನ್. ಅದನ್ನೇ ತೋರಿಸಿ ‘ಈ ರಾಡೇ ಸರಿಯಿರಲಿಲ್ಲ’ ಎಂದು ತೀರ್ಮಾನಿಸುವುದು ಸುಲಭ. ಆದರೆ ಅತಿ ಹೆಚ್ಚು ಮುರಿದ ಭಾಗ ಬಹುತೇಕ ಕೊನೆಗೆ ಮುರಿದದ್ದಾಗಿರುತ್ತದೆ. ಬೇರಿಂಗಿಗೆ ಆಯಿಲ್ ತಪ್ಪಿದರೆ ಬೇರಿಂಗ್ ಕಾದು ಕ್ರ್ಯಾಂಕಿಗೆ ಕಚ್ಚಿಕೊಳ್ಳುತ್ತದೆ, ಆ ಎಳೆತಕ್ಕೆ ರಾಡ್ ಮುರಿಯುತ್ತದೆ, ಮುರಿದ ರಾಡ್ ಬ್ಲಾಕನ್ನು ಒಡೆಯುತ್ತದೆ. ಹೊಣೆ ಹುಡುಕುವವರು ಈ ಸರಪಳಿಯನ್ನು ಹಿಂದಕ್ಕೆ ನಡೆದು, ಮೊದಲ ಕೊಂಡಿ ಯಾವುದೆಂದು ಕಾಣಬೇಕು.

ಬೇರಿಂಗಿನಿಂದ ಶುರುಮಾಡೋಣ, ಏಕೆಂದರೆ ಅದರಷ್ಟು ಸ್ಪಷ್ಟವಾಗಿ ಮಾತಾಡುವ ಭಾಗ ಎಂಜಿನ್ನಿನಲ್ಲಿ ಮತ್ತೊಂದಿಲ್ಲ. ಅದು ಅರ್ಧ ಬಳೆಯ ಆಕಾರದ ತೆಳು ತಗಡು. ಒಳಮೈ ಬೂದುಬಣ್ಣದ ಮೃದುವಾದ ಲೋಹ, ಹಲವು ಬಗೆಗಳಲ್ಲಿ ಅದರ ಕೆಳಗೆ ತಾಮ್ರದ ಪದರ. ಹಾಸನದ ಗ್ಯಾರೇಜೊಂದರಲ್ಲಿ ಹಾಳಾದ ಎಂಜಿನ್ನಿಂದ ತೆಗೆದ ಇಂತಹ ಒಂದು ಚೂರನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದು ನೋಡಿದ್ದೇನೆ. ತಿರುಗುವ ದಿಕ್ಕಿನಲ್ಲೇ ಸಾಲಾಗಿ ಸಣ್ಣ ಗೀರುಗಳಿದ್ದವು, ಒಂದೊಂದು ಗೀರಿನ ತುದಿಯಲ್ಲೂ ಸಾಸಿವೆಗಿಂತ ಬಹಳ ಸಣ್ಣದಾದ, ಉಗುರಿಗೆ ಒರಟಾಗಿ ತಾಗುವ ಚುಕ್ಕೆಯೊಂದು ಹೂತುಕೊಂಡಿತ್ತು. ಅದು ಸಿಲಿಂಡರ್ ಕೊರೆದಾಗ ಉದುರಿದ ಕಬ್ಬಿಣದ ಚೂರು. ಕೊರೆದ ಬ್ಲಾಕನ್ನು ಡೀಸೆಲಿನಿಂದ ಒರೆಸಿದರೆ ಈ ಪುಡಿ ಪೂರ್ತಿ ಹೋಗುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬಳಸಿ ತಿಕ್ಕಿ, ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಬರುವವರೆಗೆ ತೊಳೆಯಬೇಕು. ಇಂತಹ ಬೇರಿಂಗ್ ಸಿಕ್ಕರೆ ತಪ್ಪು ಕೆಲಸ ಮಾಡಿದವರ ಕಡೆಗೆ ಬಲವಾಗಿ ವಾಲುತ್ತದೆ. ಬ್ಲಾಕ್ ತೊಳೆಯಬೇಕಾದ್ದು ಬೋರಿಂಗಿನವರೋ ಮೆಕ್ಯಾನಿಕ್ಕೋ ಎಂಬುದು ಅವರಿಬ್ಬರ ನಡುವಿನ ಮಾತು. ಆದರೆ ಮುಚ್ಚುವ ಮುನ್ನ ನೋಡಬೇಕಾದ್ದು ಕೊನೆಯಲ್ಲಿ ಜೋಡಿಸುವವರೇ.

ಒಂದೇ ಬೇರಿಂಗ್ ಸುಟ್ಟು ಉಳಿದವು ಚೆನ್ನಾಗಿದ್ದರೆ ಅನುಮಾನ ಆ ಜಾಗದ ಅಳತೆ, ಮುಚ್ಚಿಹೋದ ಆಯಿಲ್ ರಂಧ್ರ ಅಥವಾ ಬೋಲ್ಟ್ ಬಿಗಿಯ ಕಡೆ ಹೋಗುತ್ತದೆ. ಎಲ್ಲವೂ ಸಮವಾಗಿ ಸುಟ್ಟಿದ್ದರೆ ಇಡೀ ಎಂಜಿನ್ನಿಗೇ ಆಯಿಲ್ ತಪ್ಪಿದೆ ಎಂದರ್ಥ. ಅದಕ್ಕೆ ಹಳೆಯ ಆಯಿಲ್ ಪಂಪು ಕಾರಣವಿರಬಹುದು, ಆಯಿಲ್ ಸೋರಿ ಖಾಲಿಯಾಗಿದ್ದರೂ ನೋಡದೆ ಓಡಿಸಿದ್ದು ಕಾರಣವಿರಬಹುದು. ಸಂಪಿನಲ್ಲಿ, ಎಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ, ಉಳಿದ ಆಯಿಲ್ ಎಷ್ಟು, ಎಲ್ಲಿಂದಾದರೂ ಸೋರಿದ ಗುರುತಿದೆಯೇ ಎಂಬುದು ಆಗ ನಿರ್ಣಾಯಕವಾಗುತ್ತದೆ. ಸೋರಿದ್ದರೆ ಮತ್ತೊಂದು ಪ್ರಶ್ನೆ ಹುಟ್ಟುತ್ತದೆ: ಸೋರಿದ್ದು ಹೊಸದಾಗಿ ಕೂರಿಸಿದ ಸೀಲಿನಿಂದಲೋ, ದಾರಿಯ ಕಲ್ಲು ಬಡಿದು ಸಂಪು ಒಡೆದದ್ದರಿಂದಲೋ?

ಪಿಸ್ಟನ್ನಿನ ಗುರುತುಗಳು ಇನ್ನೊಂದು ಬಗೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು, ಸಿಲಿಂಡರ್ ಕಬ್ಬಿಣದ್ದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಬೋರಿಂಗಿನಲ್ಲಿ ಜಾಗ ಕಡಿಮೆ ಬಿಟ್ಟಿದ್ದರೆ, ಬಿಸಿಯೇರಿದಾಗ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ಉಜ್ಜುತ್ತದೆ. ಕಷ್ಟವೇನೆಂದರೆ, ಅಳತೆ ಸರಿಯಿದ್ದು ಎಂಜಿನ್ ವಿಪರೀತ ಕಾದರೂ ಗುರುತು ಹೆಚ್ಚುಕಡಿಮೆ ಹಾಗೆಯೇ ಬೀಳುತ್ತದೆ. ಎರಡನ್ನೂ ಬೇರ್ಪಡಿಸಲು ಸಿಲಿಂಡರನ್ನು ಮತ್ತೆ ಅಳೆಯಬೇಕು, ಹೆಡ್ ಬಾಗಿದೆಯೇ, ಗ್ಯಾಸ್ಕೆಟ್ ಸುಟ್ಟಿದೆಯೇ, ರೇಡಿಯೇಟರಿನಲ್ಲಿ ನೀರು ಎಷ್ಟಿದೆ ಎಂದು ನೋಡಬೇಕು. ನಾಲ್ಕರಲ್ಲಿ ಒಂದೇ ಪಿಸ್ಟನ್ನಿನ ತಲೆ ಕರಗಿ ಹಳ್ಳಬಿದ್ದಿದ್ದರೆ ಆ ಸಿಲಿಂಡರಿನ ನಾಝಲ್ ಡೀಸೆಲನ್ನು ಸರಿಯಾಗಿ ಸಿಂಪಡಿಸದೆ ಒಂದೇ ಕಡೆ ಸುರಿದಿರುವ ಸಾಧ್ಯತೆ ಹೆಚ್ಚು. ಆಗ ಬೋರಿಂಗಿನವರನ್ನು ದೂರಿ ಪ್ರಯೋಜನವಿಲ್ಲ.

ನಮ್ಮ ತೋಟದ ದಾರಿಗಳಿಗೆ ವಿಶೇಷವಾಗಿ ಸಲ್ಲುವ ಕಾರಣ ಧೂಳು. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಕ್ಲಿಪ್ ಸಡಿಲವಾಗಿದ್ದರೆ, ಬೇಸಗೆಯ ಮಣ್ಣುದಾರಿಯ ಧೂಳು ಫಿಲ್ಟರಿಗೆ ಸಿಗದೆ ನೇರವಾಗಿ ಒಳಗೆ ಹೋಗುತ್ತದೆ, ಹೊಸ ರಿಂಗ್‌ಗಳು ಬಹುಬೇಗ ಸವೆದು ಎಂಜಿನ್ ಆಯಿಲ್ ಕುಡಿಯಲಾರಂಭಿಸುತ್ತದೆ. ಬಿಚ್ಚಿದಾಗ ಆ ಕೊಳವೆಯ ಒಳಮೈಯನ್ನು ಬೆರಳಿನಿಂದ ಒರೆಸಿ ನೋಡಿದರೆ ಕೆಮ್ಮಣ್ಣು ಹತ್ತುತ್ತದೆ. ಕ್ಲಿಪ್ಪನ್ನು ಕೊನೆಯ ಬಾರಿ ಬಿಗಿದವರು ಯಾರು ಎಂಬುದರ ಮೇಲೆ ಹೊಣೆ ನಿಲ್ಲುತ್ತದೆ.

ಓಡಿಸುವವರ ಪಾಲು

ಹೊಸ ದೋಸೆ ಕಾವಲಿಯನ್ನು ಪಳಗಿಸದೆ ಹಿಟ್ಟು ಹುಯ್ದರೆ ದೋಸೆ ಏಳುವುದಿಲ್ಲ. ಹೊಸ ರಿಂಗ್ ಮತ್ತು ಹೊಸದಾಗಿ ಕೊರೆದ ಸಿಲಿಂಡರ್ ಕೂಡ ಒಂದಕ್ಕೊಂದು ಪಳಗಬೇಕು. ಇದಕ್ಕೆ ಸಾಮಾನ್ಯವಾಗಿ ಮೊದಲ 1000 ಕಿಲೋಮೀಟರ್ ಎಂದು ಹೇಳುತ್ತಾರೆ. ಆ ಅವಧಿಯಲ್ಲಿ ಭಾರಿ ಹೊರೆ ಹೇರಬಾರದು, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬಾರದು, ನಿಂತಲ್ಲೇ ಬಹಳ ಹೊತ್ತು ಎಂಜಿನ್ ಚಾಲೂ ಇಡಬಾರದು, ಹೇಳಿದ ಸಮಯಕ್ಕೆ ಮೊದಲ ಆಯಿಲ್ ಬದಲಿಸಬೇಕು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯನ್ನು ಪೂರ್ತಿ ಹೊರೆಯಲ್ಲಿ ಹತ್ತಿಸಲು ಇದು ಸಮಯವಲ್ಲ. ಕೊಯ್ಲಿನ ಹೊಸ್ತಿಲಲ್ಲಿ ಕೆಲಸ ಮಾಡಿಸಿದ ಗಾಡಿಗೆ ಈ ಬಿಡುವು ಸಿಗುವುದೇ ಇಲ್ಲ ಎಂಬುದು ಬೇಸರದ ಸಂಗತಿ.

ಈ ಎಚ್ಚರಿಕೆಗಳನ್ನು ಮಾಲೀಕರಿಗೆ ಹೇಳಬೇಕಾದವರು ಮೆಕ್ಯಾನಿಕ್. ಹೇಳಿದ್ದರೂ ಪಾಲಿಸದಿದ್ದರೆ ಮಾಲೀಕರ ಪಾಲು ಹೆಚ್ಚುತ್ತದೆ, ಹೇಳದೇ ಇದ್ದರೆ ಮೆಕ್ಯಾನಿಕ್ ಪಾಲು ಹೆಚ್ಚುತ್ತದೆ. ಬಾಯಿಮಾತಿನಲ್ಲಿ ಹೇಳಿದ್ದನ್ನು ಮುಂದೆ ಯಾರೂ ತೋರಿಸಿಕೊಡಲಾಗದ ಕಾರಣ ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದುಕೊಡುವುದು ಇಬ್ಬರಿಗೂ ಒಳ್ಳೆಯದು.

ಹೊಣೆ ಹಂಚಿಹೋಗುವ ಒಂದು ಸಂದರ್ಭವನ್ನು ಬಿಡಿಸಿ ನೋಡಬೇಕು. ಎಂಜಿನ್ ಕೆಲಸ ಮಾಡುವಾಗ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದ ತುಕ್ಕನ್ನು ತೆಗೆಸದೆ ಬಿಟ್ಟಿದ್ದರಿಂದ ಗಾಡಿ ಏರಿನಲ್ಲಿ ಕಾಯುತ್ತದೆ. ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದ್ದನ್ನು ಚಾಲಕ ನೋಡಿಯೂ, ಮೇಲೆ ಹೋಗಿ ನಿಲ್ಲಿಸೋಣ ಎಂದು ಇನ್ನೂ ಮೂರು ಕಿಲೋಮೀಟರ್ ಓಡಿಸುತ್ತಾರೆ. ಮುಳ್ಳು ಏರಿದ ಕೂಡಲೇ ನಿಲ್ಲಿಸಿದ್ದರೆ ಗ್ಯಾಸ್ಕೆಟ್ ಒಂದೇ ಹೋಗುತ್ತಿತ್ತು, ಓಡಿಸಿದ್ದರಿಂದ ಪಿಸ್ಟನ್ ಮತ್ತು ಹೆಡ್ ಕೂಡ ಹೋದವು. ಕಾಯುವಂತೆ ಮಾಡಿದ ತಪ್ಪು ಒಬ್ಬರದು, ಕಾದ ಮೇಲೆ ಬೆಳೆದ ನಷ್ಟ ಮತ್ತೊಬ್ಬರದು. ನನ್ನ ತಿಳಿವಳಿಕೆಯಲ್ಲಿ ಪೂರ್ತಿ ಒಬ್ಬರ ತಲೆಗೇ ಕಟ್ಟಬಹುದಾದ ಪ್ರಕರಣಗಳಿಗಿಂತ ಹೀಗೆ ಹಂಚಿಹೋಗುವ ಪ್ರಕರಣಗಳೇ ಹೆಚ್ಚು.

ಬಿಡಿಭಾಗ ತಂದುಕೊಟ್ಟವರು ಯಾರು

ಉಳಿತಾಯಕ್ಕಾಗಿ ಮಾಲೀಕರೇ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಮಾರುಕಟ್ಟೆಯಿಂದ ಪಿಸ್ಟನ್ ಸೆಟ್ ತಂದುಕೊಡುವುದುಂಟು. ಆ ಮಾಲಿನಲ್ಲೇ ದೋಷವಿದ್ದರೆ ಮೆಕ್ಯಾನಿಕ್ ಅದಕ್ಕೆ ಹೊಣೆಯಾಗುವುದು ಕಷ್ಟ, ದೂರು ಅಂಗಡಿ ಮತ್ತು ತಯಾರಕರ ಮೇಲೆ ಹೋಗಬೇಕು. ಹಾಗೆಂದು ಮೆಕ್ಯಾನಿಕ್ ಕೈ ತೊಳೆದುಕೊಳ್ಳುವಂತಿಲ್ಲ. ಅಳತೆ ಹೊಂದದ, ಕಣ್ಣಿಗೆ ಕಾಣುವಷ್ಟು ಕಳಪೆಯಾದ ಭಾಗವನ್ನು ಅಳೆದು ನೋಡದೆ ಹಾಕಿದರೆ ಆ ತಪ್ಪು ಅವರದೇ. ಭಾಗಗಳನ್ನು ಮೆಕ್ಯಾನಿಕ್ಕೇ ತಂದು ಹಾಕಿ ಒಟ್ಟು ಬಿಲ್ ಮಾಡಿದ್ದರೆ, ಬೋರಿಂಗಿಗೆ ತಾವೇ ಕಳಿಸಿದ್ದರೆ, ಮಾಲೀಕರ ಮಟ್ಟಿಗೆ ಉತ್ತರಿಸಬೇಕಾದವರು ಅವರೊಬ್ಬರೇ. ಬೋರಿಂಗಿನವರಿಂದ ವಸೂಲು ಮಾಡಿಕೊಳ್ಳುವುದು ಆಮೇಲೆ ಅವರ ಕೆಲಸ.

ಕಾನೂನು ಏನು ಹೇಳುತ್ತದೆ

ಹಣ ಕೊಟ್ಟು ಮಾಡಿಸಿದ ರಿಪೇರಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ‘ಸೇವೆ’. ಈ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಮಾಡುವ ರೀತಿಯಲ್ಲಿ ಕೊರತೆಯಿದ್ದರೆ ಅದನ್ನು ‘ಸೇವಾ ನ್ಯೂನತೆ’ ಎನ್ನುತ್ತಾರೆ. ಎಂಜಿನ್ ಮತ್ತೆ ಕೆಟ್ಟಿತು ಎಂಬುದಷ್ಟೇ ಸೇವಾ ನ್ಯೂನತೆಯಾಗುವುದಿಲ್ಲ, ಮಾಡಬೇಕಾದ ರೀತಿಯಲ್ಲಿ ಕೆಲಸ ಮಾಡದ್ದರಿಂದ ಕೆಟ್ಟಿತು ಎಂದು ದೂರುದಾರರು ತೋರಿಸಬೇಕು. ಕೊಲೆ ಮೊಕದ್ದಮೆಯಂತೆ ಎಳ್ಳಷ್ಟೂ ಸಂಶಯವಿಲ್ಲದ ಪುರಾವೆ ಬೇಕಿಲ್ಲ, ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ಸಾಕು.

ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ಈ ಕಾಯ್ದೆಯ ‘ಗ್ರಾಹಕ’ರಲ್ಲ ಎಂಬ ಮಾತು ಪಿಕಪ್ ಮಾಲೀಕರನ್ನು ಹೆದರಿಸುತ್ತದೆ. ಆದರೆ ಸ್ವಉದ್ಯೋಗದಿಂದ ಜೀವನ ನಡೆಸುವುದಕ್ಕಾಗಿಯೇ ಕೊಂಡು ಬಳಸುವುದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯ ವಿವರಣೆ ಹೇಳುತ್ತದೆ. ಒಂದೇ ಗಾಡಿ ಇಟ್ಟುಕೊಂಡು ತಾನೇ ಓಡಿಸಿ ಬದುಕುವವರ ಸ್ಥಿತಿ, ಹತ್ತು ಗಾಡಿ ಬಾಡಿಗೆಗೆ ಬಿಟ್ಟವರ ಸ್ಥಿತಿಗಿಂತ ಬೇರೆ. ಎರಡನೆಯವರಿಗೆ ಸಿವಿಲ್ ನ್ಯಾಯಾಲಯದ ದಾರಿ ಉಳಿದಿರುತ್ತದೆ. ಪರಿಚಯದವರು ಬಿಟ್ಟಿಯಾಗಿ ಮಾಡಿಕೊಟ್ಟ ಕೆಲಸ ಈ ಕಾಯ್ದೆಯೊಳಗೆ ಬರುವುದಿಲ್ಲ.

ದೂರನ್ನು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಸಲ್ಲಿಸಬಹುದು. ಆದ್ದರಿಂದ ಮೂಡಿಗೆರೆಯವರು ಹಾಸನದ ಗ್ಯಾರೇಜಿನ ಮೇಲಿನ ದೂರನ್ನು ಚಿಕ್ಕಮಗಳೂರಿನಲ್ಲೇ ಕೊಡಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಅದು ಜಿಲ್ಲಾ ಆಯೋಗದ ವ್ಯಾಪ್ತಿ, 5 ಲಕ್ಷದವರೆಗೆ ಶುಲ್ಕವಿಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೂ ಮುನ್ನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಕೊಡಲು ನಿರಾಕರಿಸುವುದನ್ನೂ ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಗಾಡಿ ನಿಂತ ದಿನಗಳ ಬಾಡಿಗೆ ನಷ್ಟ ಸಿಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಭಾರತೀಯ ಕರಾರು ಕಾಯ್ದೆ, 1872ರ 73ನೇ ಕಲಮು ಇದಕ್ಕೆ ಒಂದು ಉದಾಹರಣೆಯನ್ನೇ ಕೊಟ್ಟಿದೆ. ಯಂತ್ರವಿಲ್ಲದೆ ತನ್ನ ಗಿರಣಿ ನಿಂತಿದೆ ಎಂದು ತಿಳಿಸಿ ಒಬ್ಬನು ಯಂತ್ರವನ್ನು ಸಾಗಣೆಗೆ ಒಪ್ಪಿಸುತ್ತಾನೆ, ಸಾಗಣೆಗಾರ ಸಕಾರಣವಿಲ್ಲದೆ ತಡಮಾಡುತ್ತಾನೆ. ಗಿರಣಿ ನಡೆದಿದ್ದರೆ ಬರುತ್ತಿದ್ದ ಸರಾಸರಿ ಲಾಭ ಅವನಿಗೆ ಸಿಗುತ್ತದೆ, ಆದರೆ ಆ ತಡದಿಂದ ಕೈತಪ್ಪಿದ ಸರ್ಕಾರಿ ಗುತ್ತಿಗೆಯ ನಷ್ಟ ಸಿಗುವುದಿಲ್ಲ. ಕೊಯ್ಲಿಗೆ ಗಾಡಿ ಬೇಕೆಂದು ಮೊದಲೇ ಹೇಳಿದ್ದವರಿಗೆ ಈ ಉದಾಹರಣೆಯ ಮೊದಲ ಅರ್ಧ ನೆರವಾಗುತ್ತದೆ. ನಷ್ಟ ಬೆಳೆಯದಂತೆ ತಡೆಯಲು ಕೈಲಾದದ್ದನ್ನು ಮಾಡಿದ್ದೀರಾ ಎಂದೂ ಅದೇ ಕಲಮು ಕೇಳುತ್ತದೆ.

ಮೆಕ್ಯಾನಿಕ್ ಪರವಾಗಿಯೂ ಕಾನೂನಿದೆ. ಅದೇ ಕಾಯ್ದೆಯ 170ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ತಾನು ಮಾಡಿದ ಕೆಲಸದ ಹಣ ಬರುವವರೆಗೆ ಆ ಗಾಡಿಯನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ವಿಮೆಯ ಕಡೆ ನೋಡುವುದರಿಂದ ಉಪಯೋಗವಿಲ್ಲ, ಯಾಂತ್ರಿಕ ವೈಫಲ್ಯ ಮತ್ತು ಸವೆತವನ್ನು ಸಾಮಾನ್ಯ ವಾಹನ ವಿಮೆ ಹೊರಗಿಡುತ್ತದೆ.

ಬಿಚ್ಚುವ ಮುನ್ನ

ಗಾಡಿ ನಿಂತ ದಿನವೇ ಅತಿ ಮುಖ್ಯವಾದ ದಿನ. ಮತ್ತೆ ಮತ್ತೆ ಸೆಲ್ಫ್ ಹೊಡೆದು ನೋಡಬಾರದು, ಇನ್ನೊಂದು ಗ್ಯಾರೇಜಿಗೆ ಒಯ್ದು ಬಿಚ್ಚಿಸಲೂಬಾರದು. ಬೇರೆಯವರು ಬಿಚ್ಚಿದ ಮೇಲೆ, ‘ನಾನು ಕೊಟ್ಟಾಗ ಹೀಗಿರಲಿಲ್ಲ’ ಎಂದು ಮೊದಲ ಮೆಕ್ಯಾನಿಕ್ ಹೇಳಿದರೆ ಅದನ್ನು ಅಲ್ಲಗಳೆಯಲು ದಾರಿಯಿರುವುದಿಲ್ಲ. ಓಡಿದ ಕಿಲೋಮೀಟರ್, ಆಯಿಲ್ ಕಡ್ಡಿಯ ಮಟ್ಟ, ರೇಡಿಯೇಟರಿನ ನೀರು, ಏರ್ ಫಿಲ್ಟರ್ ಕೊಳವೆ ಇವುಗಳ ಫೋಟೊ ಮತ್ತು ವಿಡಿಯೊ ತೆಗೆದಿಟ್ಟು, ಕೆಲಸ ಮಾಡಿದವರಿಗೆ ಬರಹದಲ್ಲಿ, ಕಡಿಮೆಯೆಂದರೆ ವಾಟ್ಸ್ಆ್ಯಪ್ ಸಂದೇಶದಲ್ಲಿ, ತಿಳಿಸಬೇಕು. ಬಿಚ್ಚುವ ದಿನ ಗೊತ್ತುಮಾಡಿ ಎರಡೂ ಕಡೆಯವರ ಎದುರಿಗೆ, ಸಾಧ್ಯವಾದರೆ ಇಬ್ಬರಿಗೂ ಸಂಬಂಧವಿಲ್ಲದ ಅನುಭವಿ ಮೆಕ್ಯಾನಿಕ್ ಅಥವಾ ವಾಹನ ಸರ್ವೇಯರ್ ಎದುರಿಗೆ ಬಿಚ್ಚಿಸುವುದು ಎಲ್ಲಕ್ಕಿಂತ ಒಳ್ಳೆಯದು. ಸಂಪಿನಿಂದ ಇಳಿಸಿದ ಆಯಿಲನ್ನು ಚೆಲ್ಲದೆ ಒಂದು ಶುದ್ಧ ಬಾಟಲಿಗೆ ತುಂಬಿಡಬೇಕು, ಅದರ ತಳದಲ್ಲಿ ಕೂರುವ ಪುಡಿಯೂ ಸಾಕ್ಷಿ. ಆಯಿಲ್ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಬೇಕು.

ಬೇರಿಂಗ್ ತಗಡುಗಳನ್ನು ತೆಗೆದಾಗ ಎಲ್ಲವನ್ನೂ ಒಂದೇ ಡಬ್ಬಕ್ಕೆ ಸುರಿಯುವುದು ಗ್ಯಾರೇಜಿನ ವಾಡಿಕೆ. ಹಾಗೆ ಮಾಡಿದರೆ ಯಾವುದು ಎಷ್ಟನೆಯ ಸಿಲಿಂಡರಿನದು ಎಂಬುದು ಅಲ್ಲಿಗೇ ಕಳೆದುಹೋಗುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಮೇಲೆ ಸಿಲಿಂಡರ್ ಸಂಖ್ಯೆ, ಮೇಲಿನ ಅರ್ಧವೋ ಕೆಳಗಿನ ಅರ್ಧವೋ ಎಂಬುದು, ದಿನಾಂಕ ಇಷ್ಟನ್ನು ಬರೆದು, ಇಬ್ಬರೂ ರುಜು ಹಾಕಿ, ತೊಳೆಯದೆ ಹಾಗೆಯೇ ಎತ್ತಿಡಬೇಕು.